ವಯರು ಬದಲಿಸುವವನು

ಗುಂಡ್ಲುಪೇಟೆಯ ಸ್ಕ್ಯಾನಿಂಗ್ ಸೆಂಟರಿನಲ್ಲಿ ಆರು ವರ್ಷ ನಾನು ಮಾಡಿದ್ದು ಒಂದೇ ಕೆಲಸ. ಒಂದು ವಯರನ್ನು ಒಂದು ಡಬ್ಬಿಯಿಂದ ಕಿತ್ತು ಪಕ್ಕದ ಡಬ್ಬಿಗೆ ಚುಚ್ಚುವುದು. ಇಷ್ಟಕ್ಕೇ ಚಾಮರಾಜನಗರದಲ್ಲಿ ಬಸ್ಸು ಹತ್ತಿ, ತೆರಕಣಾಂಬಿ ದಾಟಿ, ಒಂದು ಗಂಟೆ ಕುಲುಕಾಡಿಕೊಂಡು ಹೋಗುತ್ತಿದ್ದೆ. ನಗುವವರು ನಗಲಿ. ಆ ಒಂದು ವಯರು ಇಲ್ಲದಿದ್ದರೆ ನನ್ನನ್ನು ಕರೆಯುವವರು ಯಾರೂ ಇರುತ್ತಿರಲಿಲ್ಲ.

ನನ್ನ ಹೆಸರು ಶಿವರಾಮು. ಊರು ಕುದೇರು, ಇರುವುದು ಚಾಮರಾಜನಗರದ ಒಂದು ಬಾಡಿಗೆ ರೂಮಿನಲ್ಲಿ, ವಯಸ್ಸು ಐವತ್ತೊಂದು. ಮೊದಲು ಟಿವಿ ಕೇಬಲ್ ಎಳೆಯುತ್ತಿದ್ದೆ, ಆಮೇಲೆ ಇಂಟರ್‌ನೆಟ್ ಕೇಬಲ್ ಎಳೆದೆ, ಈಗ ಎರಡು ತಾಲ್ಲೂಕಿನ ಅಂಗಡಿ ಆಫೀಸುಗಳ ನೆಟ್ ರಿಪೇರಿ ನೋಡಿಕೊಳ್ಳುತ್ತೇನೆ. ಅವರ ದೂರೆಲ್ಲ ಮೆಸೇಜಿನಲ್ಲೇ ಬರುತ್ತದೆ, ಫೋನ್ ಯಾರೂ ಮಾಡುವುದಿಲ್ಲ. ಮದುವೆಯಾಗಲಿಲ್ಲ. ಹೆಣ್ಣು ನೋಡಲು ಹೋಗಬೇಕಾದ ವಯಸ್ಸಿನಲ್ಲಿ ಕಂಬದ ಮೇಲಿದ್ದೆ, ಇಳಿದು ನೋಡುವಷ್ಟರಲ್ಲಿ ಎಲ್ಲರಿಗೂ ಮದುವೆಯಾಗಿ ಮಕ್ಕಳು ಸ್ಕೂಲಿಗೆ ಹೋಗುತ್ತಿದ್ದವು. ಪುಣಜನೂರಿನಲ್ಲಿ ಅಕ್ಕ ಇದ್ದಾಳೆ, ಯುಗಾದಿಗೊಂದು ದೀಪಾವಳಿಗೊಂದು ಫೋನ್ ಮಾಡುತ್ತಾಳೆ. ಉಳಿದಂತೆ ನನ್ನನ್ನು ವಿಚಾರಿಸುವವರು ಸೈಟು ಬೇಕಾ ಸಾರ್ ಎಂದು ಮೈಸೂರಿನಿಂದ ಫೋನ್ ಮಾಡುವ ಹುಡುಗಿಯರು. ಅವರ ಜೊತೆಯೂ ಎರಡು ನಿಮಿಷ ಮಾತಾಡುತ್ತೇನೆ, ಸೈಟಿನ ಅಳತೆ ಕೇಳುತ್ತೇನೆ.

ಸೆಂಟರು ಡಾಕ್ಟರ್ ಗುರುಪಾದಸ್ವಾಮಿ ಅವರದು. ಅಲ್ಲಿ ಸ್ಕ್ಯಾನ್ ತೆಗೆಯುತ್ತಾರೆ ಅಷ್ಟೆ. ಚಿತ್ರ ನೋಡಿ ಏನಾಗಿದೆ ಎಂದು ಹೇಳುವ ಡಾಕ್ಟರು ಮೈಸೂರಿನಲ್ಲಿದ್ದಾರೆ. ಚಿತ್ರ ನೆಟ್ಟಿನ ಮೇಲೆ ಅವರಿಗೆ ಹೋಗಬೇಕು, ಅವರ ರಿಪೋರ್ಟು ನೆಟ್ಟಿನ ಮೇಲೇ ವಾಪಸ್ ಬರಬೇಕು. ನೆಟ್ ನಿಂತರೆ ಸೆಂಟರೇ ನಿಂತಂತೆ. ಅದಕ್ಕೆ ಎರಡು ಲೈನು ಹಾಕಿಸಿದ್ದರು. ಒಂದು ಫೈಬರ್, ಜೋರಾಗಿ ಓಡುವುದು. ಇನ್ನೊಂದು ಮೊಬೈಲ್ ಸಿಮ್ ಹಾಕಿದ ಡಬ್ಬಿ, ಕುಂಟುತ್ತಾ ಹೋಗುವುದು, ಆಪತ್ತಿಗೆ ಇರಲಿ ಎಂದು. ಫೈಬರ್ ತುಂಡಾದಾಗ ಸೆಂಟರಿನ ವಯರನ್ನು ಸಿಮ್ ಡಬ್ಬಿಗೆ ಚುಚ್ಚಬೇಕು, ಫೈಬರ್ ಸರಿಯಾದ ಮೇಲೆ ವಾಪಸ್ ಫೈಬರ್ ಡಬ್ಬಿಗೆ ಚುಚ್ಚಬೇಕು. ತೆರಕಣಾಂಬಿ ರಸ್ತೆಯಲ್ಲಿ ಬಾಳೆಗೊನೆ ಪೇರಿಸಿಕೊಂಡು ಬರುವ ಲಾರಿಗಳು ತಿಂಗಳಿಗೆ ಎರಡು ಮೂರು ಸಲ ನಮ್ಮ ಕೇಬಲನ್ನು ಹರಿದು ಹಾಕುತ್ತಿದ್ದವು. ಆ ಡ್ರೈವರುಗಳನ್ನು ಎಲ್ಲರೂ ಬೈಯುತ್ತಿದ್ದರು, ನಾನು ಮಾತ್ರ ಯಾವತ್ತೂ ಬೈಯಲಿಲ್ಲ.

ನೆಟ್ ಹೋದ ತಕ್ಷಣ ಕೌಂಟರಿನಲ್ಲಿ ಕೂರುವ ವನಿತಾ ಫೋನ್ ಮಾಡುತ್ತಿದ್ದಳು.

"ಅಣ್ಣ, ನೆಟ್ ಒಂಟೋಯ್ತು. ಎಲ್ಲಿದ್ದೀರಿ?"

ಬಸ್ಸು ತೆರಕಣಾಂಬಿ ಮುಟ್ಟುವ ಹೊತ್ತಿಗೆ ಇನ್ನೊಂದು ಸಲ. "ಎಲ್ಲಿದ್ದೀರಿ ಅಣ್ಣ?" ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಾಗ ಮತ್ತೊಂದು ಸಲ. "ಇಳುದ್ರಾ? ಎಲ್ಲಿದ್ದೀರಿ?" ಪಕ್ಕದ ಸೀಟಿನವರಿಗೆ ಕೇಳುವ ಹಾಗೆ ಗಟ್ಟಿಯಾಗಿ ಉತ್ತರ ಕೊಡುತ್ತಿದ್ದೆ. ನಾನು ಎಲ್ಲಿದ್ದೇನೆ ಎಂದು ತಿಳಿದುಕೊಳ್ಳುವ ಅಗತ್ಯ ಈ ಲೋಕದಲ್ಲಿ ಇನ್ನು ಯಾರಿಗೂ ಇರಲಿಲ್ಲ.

ಅಲ್ಲಿಗೆ ಹೋಗಿ ಸುಮ್ಮನೆ ವಯರು ಬದಲಿಸಿ ಬರುತ್ತಿದ್ದೆನಾ? ಇಲ್ಲ. ಲ್ಯಾಪ್‌ಟಾಪ್ ತೆಗೆದು, ಹುಬ್ಬು ಗಂಟಿಕ್ಕಿ, ಪರದೆಯ ಮೇಲೆ ಬೇಕಿಲ್ಲದ ನಾಲ್ಕು ಕಿಟಕಿ ತೆರೆದು ಮುಚ್ಚಿ, ಆಮೇಲೆ ವಯರಿಗೆ ಕೈ ಹಾಕುತ್ತಿದ್ದೆ. ಮೊದಲನೇ ವರ್ಷವೇ ಎಲ್ಲರಿಗೂ ಹೇಳಿಬಿಟ್ಟಿದ್ದೆ, ನಾನು ಬರದೆ ಯಾರೂ ಮುಟ್ಟಬಾರದು, ಮುಟ್ಟಿದರೆ ಸೆಟ್ಟಿಂಗೆಲ್ಲ ಹಾರಿಹೋಗುತ್ತದೆ, ಆಮೇಲೆ ನನ್ನ ಕೈಯಲ್ಲೂ ಆಗುವುದಿಲ್ಲ ಎಂದು. ಹಸಿ ಸುಳ್ಳು. ಎಲ್ಲರೂ ನಂಬಿದರು. ಒಂದು ಗಂಟೆ ಕಾಯಿಸಿದ್ದಕ್ಕೆ ಒಬ್ಬರೂ ಬೈಯಲಿಲ್ಲ. ಗುಂಡ್ಲುಪೇಟೆಯ ಜನಕ್ಕೆ ತಾಳ್ಮೆ ಜಾಸ್ತಿ ಎಂದುಕೊಂಡು, ವನಿತಾ ತರಿಸಿದ ಟೀ ಕುಡಿದು ಬರುತ್ತಿದ್ದೆ.

ಕಳೆದ ಫೆಬ್ರವರಿಯಲ್ಲಿ ವನಿತಾ ಮಗನ ಮುಡಿ ಕೊಡಿಸಲು ಮಾದಪ್ಪನ ಬೆಟ್ಟಕ್ಕೆ ಹೋಗಿದ್ದಳು. ಕೌಂಟರಿನಲ್ಲಿದ್ದದ್ದು ಹೊಸದಾಗಿ ಸೇರಿದ ರಮ್ಯ. ಹನ್ನೊಂದು ಗಂಟೆಗೆ ಫೈಬರ್ ತುಂಡಾಯಿತು. ಅದೇ ಹೊತ್ತಿಗೆ ಟ್ರ್ಯಾಕ್ಟರಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ ಪುಟ್ಟಬಸಪ್ಪ ಎಂಬ ರೈತನನ್ನು ಕರೆತಂದಿದ್ದರು. ಸ್ಕ್ಯಾನ್ ತೆಗೆದರು, ಚಿತ್ರ ಮೈಸೂರಿಗೆ ಹೋಗಲಿಲ್ಲ. ರಮ್ಯ ನನಗೆ ಒಂದು ಸಲ ಫೋನ್ ಮಾಡಿದಳು, ನಾನು ಹೊರಟೆ. ತೆರಕಣಾಂಬಿಗೆ ಇನ್ನೂ ಎರಡು ಮೈಲಿ ಇರುವಾಗ ಬಸ್ಸು ಪಂಕ್ಚರ್ ಆಯಿತು. ನಾನು ಸೆಂಟರ್ ಮುಟ್ಟುವಷ್ಟರಲ್ಲಿ ಎರಡೂಕಾಲು ಗಂಟೆ ಕಳೆದಿತ್ತು. ಕಾದು ಕಾದು ಸಾಕಾಗಿ, ಆಗಷ್ಟೇ ರಿಪೋರ್ಟಿಲ್ಲದೆ ಆಂಬ್ಯುಲೆನ್ಸಿನಲ್ಲಿ ಮೈಸೂರಿಗೆ ಕಳಿಸಿದ್ದರು. ಮನುಷ್ಯ ಉಳಿದುಕೊಂಡರು, ಎಡಗೈ ಮಾತ್ರ ಮೊದಲಿನ ಹಾಗೆ ಆಗಲಿಲ್ಲ. ಇನ್ನೊಂದು ಗಂಟೆ ಮುಂಚೆ ತಂದಿದ್ದರೆ ಚೆನ್ನಾಗಿತ್ತು ಎಂದು ಮೈಸೂರಿನ ಡಾಕ್ಟರು ಹೇಳಿದರಂತೆ.

ಡಾಕ್ಟರ್ ಗುರುಪಾದಸ್ವಾಮಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

"ನಿನ್ನ ತಪ್ಪಲ್ಲ ಶಿವರಾಮು. ಇಷ್ಟು ದೊಡ್ಡ ಕೆಲಸಾನ ಒಬ್ಬನ ಬಸ್ಸಿನ ಮೇಲೆ ಬಿಟ್ಟಿದ್ದು ನನ್ನ ತಪ್ಪು. ತಾನೇ ತಾನಾಗಿ ಲೈನ್ ಬದಲಾಯಿಸೋ ಮಿಷನ್ ಬರುತ್ತಂತಲ್ಲ, ಅದನ್ನ ತಂದು ಹಾಕು."

ಮಿಷನ್ನಿನ ಹೆಸರು ಫೈರ್‌ವಾಲ್. ಊಟದ ಡಬ್ಬಿಯಷ್ಟು ಗಾತ್ರ. ಒಂದು ತೂತಿಗೆ ಫೈಬರ್, ಇನ್ನೊಂದಕ್ಕೆ ಸಿಮ್ ಡಬ್ಬಿ, ಮೂರನೆಯದಕ್ಕೆ ಸೆಂಟರಿನ ವಯರು. ಐದು ಸೆಕೆಂಡಿಗೊಮ್ಮೆ ಅದು ಫೈಬರಿನ ಮೂಲಕ ದೂರದ ಒಂದು ವಿಳಾಸವನ್ನು ಕೇಳುತ್ತದೆ, ಇದ್ದೀಯಾ ಎಂದು. ಇದ್ದೀನಿ ಎಂದು ಉತ್ತರ ಬಂದರೆ ಸರಿ. ಮೂರು ಸಲ ಬರದಿದ್ದರೆ ಸೆಂಟರಿನ ಕೆಲಸವನ್ನೆಲ್ಲ ಸಿಮ್ಮಿಗೆ ತಿರುಗಿಸುತ್ತದೆ. ಒಂದು ಗಂಟೆ ಬಸ್ಸಿನಲ್ಲಿ ಕುಲುಕಾಡಿ ನಾನು ಮಾಡುತ್ತಿದ್ದದ್ದನ್ನು ಅದು ಹದಿನೈದು ಸೆಕೆಂಡಿನಲ್ಲಿ ಮಾಡುತ್ತದೆ, ಟೀ ಕೂಡ ಕೇಳುವುದಿಲ್ಲ.

ಅವತ್ತು ಅದನ್ನು ಹೊಂದಿಸಲು ಕೂತಾಗ ನನ್ನ ಕೈಯಿಂದಲೇ ನನ್ನ ಹೆಸರು ಅಳಿಸುತ್ತಿದ್ದೇನೆ ಎನಿಸಿತು. ಕೊನೆಯಲ್ಲಿ ಒಂದು ಪ್ರಶ್ನೆ ಬಂತು. ಫೈಬರ್ ಸರಿಯಾದ ಮೇಲೆ ತಾನಾಗಿಯೇ ವಾಪಸ್ ಅದಕ್ಕೆ ಬರಬೇಕಾ, ಇಲ್ಲಾ ಯಾರಾದರೂ ಹೇಳುವ ತನಕ ಸಿಮ್ಮಿನ ಮೇಲೇ ಇರಬೇಕಾ?

ತಾನಾಗಿಯೇ ಬರಬೇಕು ಎಂದು ಒತ್ತುವುದೇ ಸರಿ. ನನಗೆ ಗೊತ್ತಿತ್ತು. ನಾನು ಒತ್ತಲಿಲ್ಲ.

ಲೆಕ್ಕ ಹೀಗಿತ್ತು. ಒಂದಲ್ಲ ಒಂದು ದಿನ ಲಾರಿ ಕೇಬಲ್ ಹರಿಯುತ್ತದೆ, ಮಿಷನ್ನು ಸಿಮ್ಮಿಗೆ ಹೋಗುತ್ತದೆ, ಅಲ್ಲೇ ಕೂರುತ್ತದೆ. ಕೆಲಸ ನಿಲ್ಲುವುದಿಲ್ಲ, ನಿಧಾನವಾಗುತ್ತದೆ. ನಿಧಾನವಾದರೆ ವನಿತಾ ಫೋನ್ ಮಾಡುತ್ತಾಳೆ. ಪುಟ್ಟಬಸಪ್ಪನವರ ಕೈ ನೆನಪಾಗಲಿಲ್ಲವೇ ಎಂದರೆ, ಆಯಿತು. ನಿಧಾನವಾದರೂ ಚಿತ್ರ ಹೋಗುತ್ತದಲ್ಲ ಎಂದು ಸಮಾಧಾನ ಹೇಳಿಕೊಂಡೆ. ಒಂಟಿಯಾಗಿರುವವನು ತನಗೆ ತಾನೇ ಹೇಳಿಕೊಳ್ಳುವ ಸಮಾಧಾನಕ್ಕೆ ಅಡ್ಡ ಮಾತಾಡುವವರು ಇರುವುದಿಲ್ಲ.

ಡಾಕ್ಟರ ಎದುರಿಗೆ ಫೈಬರ್ ಕಿತ್ತು ತೋರಿಸಿದೆ. ಅವರು ಗಡಿಯಾರ ನೋಡುತ್ತ ನಿಂತರು. ಹದಿನಾರನೇ ಸೆಕೆಂಡಿಗೆ ಚಿತ್ರ ಮತ್ತೆ ಹೋಗತೊಡಗಿತು. "ಭೇಷ್! ಇನ್ನು ನಿನಗೂ ಓಡಾಟ ತಪ್ಪಿತು ನೋಡು" ಎಂದು ಬೆನ್ನು ತಟ್ಟಿದರು. ಅವರು ಅತ್ತ ಹೋದ ಮೇಲೆ ಫೈಬರ್ ಸಿಕ್ಕಿಸಿ, ಲ್ಯಾಪ್‌ಟಾಪಿನಲ್ಲಿ ನಾನೇ ಒತ್ತಿ ವಾಪಸ್ ತಂದೆ. ಅದನ್ನು ಯಾರೂ ಗಮನಿಸಲಿಲ್ಲ.

ಐದನೇ ದಿನ, ಸೋಮವಾರ, ಫೈಬರ್ ತುಂಡಾಯಿತು. ಮಿಷನ್ನು ಏನು ಮಾಡುತ್ತಿದೆ ಎಂದು ನನ್ನ ಮೊಬೈಲಿನಲ್ಲೇ ಕಾಣುತ್ತದೆ. ಹನ್ನೊಂದೂ ನಲವತ್ತಕ್ಕೆ ಫೈಬರಿನ ಮೇಲೆ ಕೆಂಪು ಬಿತ್ತು, ಸಿಮ್ಮಿನ ಮೇಲೆ ಹಸಿರು. ಒಂದು ಗಂಟೆಗೆ ಕೇಬಲ್ ರಿಪೇರಿಯ ಹುಡುಗರು ತುಂಡಾದದ್ದನ್ನು ಕೂಡಿಸಿದರು. ಕೆಲಸ ಮಾತ್ರ ಸಿಮ್ಮಿನ ಮೇಲೇ ಕೂತಿತ್ತು. ನಾನು ಒಗೆದ ಅಂಗಿ ಹಾಕಿಕೊಂಡು ಕಾದೆ.

ಮಧ್ಯಾಹ್ನ ಫೋನ್ ಬರಲಿಲ್ಲ. ಸಂಜೆ ಸೆಂಟರ್ ಮುಚ್ಚುವ ತನಕ ಬರಲಿಲ್ಲ. ಮಂಗಳವಾರ ಸ್ನಾನಕ್ಕೆ ಹೋಗುವಾಗ ಫೋನನ್ನು ಒಳಗೆ ತೆಗೆದುಕೊಂಡು ಹೋಗಿ ಗೂಡಿನಲ್ಲಿಟ್ಟೆ. ಗಂಟೆ ಕೆಟ್ಟಿರಬಹುದು ಎಂದು ಎದುರಿನ ಅಂಗಡಿಯವನಿಂದ ಒಂದು ರಿಂಗ್ ಕೊಡಿಸಿ ನೋಡಿದೆ. ಗಂಟೆ ಚೆನ್ನಾಗೇ ಇತ್ತು. ಬುಧವಾರ ಒಂದು ಫೋನ್ ಬಂತು, ಓಡಿಹೋಗಿ ತೆಗೆದರೆ ಸೈಟಿನ ಹುಡುಗಿ. ನನ್ನ ಜೀವನದಲ್ಲಿ ಅಷ್ಟು ಕೆಟ್ಟದಾಗಿ ಯಾರಿಗೂ ಬೈದಿರಲಿಲ್ಲ. ಆಮೇಲೆ ಆ ನಂಬರಿಗೆ ವಾಪಸ್ ಮಾಡಿ ಕ್ಷಮೆ ಕೇಳೋಣವೆಂದರೆ ಅದು ಕರೆ ಹೋಗುವ ನಂಬರೇ ಅಲ್ಲ.

ಬುಧವಾರವೇ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಸೋಮವಾರ ಮೂರು ಗಂಟೆಯಿಂದ ಮಿಷನ್ನಿನ ಮೂಲಕ ಒಂದು ಚಿತ್ರವೂ ಹೋಗಿರಲಿಲ್ಲ. ಫೈಬರಿನಲ್ಲೂ ಸೊನ್ನೆ, ಸಿಮ್ಮಿನಲ್ಲೂ ಸೊನ್ನೆ. ಸೆಂಟರೇ ಮುಚ್ಚಿದೆಯಾ? ಡಾಕ್ಟರಿಗೆ ಏನಾದರೂ ಆಯಿತಾ? ಗುರುವಾರ ಬೆಳಿಗ್ಗೆ ಎಂಟರ ಬಸ್ಸು ಹತ್ತಿದೆ. ತೆರಕಣಾಂಬಿ ಬಂತು, ಬಾಳೆ ಮಂಡಿಯ ಮುಂದೆ ಬಸ್ಸು ಹತ್ತು ನಿಮಿಷ ನಿಂತಿತು. ನಾನೆಲ್ಲಿದ್ದೇನೆ ಎಂದು ಯಾರೂ ಕೇಳಲಿಲ್ಲ.

ಸೆಂಟರ್ ತೆರೆದೇ ಇತ್ತು. ಹೊರಗೆ ಬೆಂಚಿನ ತುಂಬ ಜನ. ವನಿತಾ ಟೋಕನ್ ಕೊಡುತ್ತಿದ್ದಳು.

"ಅಯ್ಯೋ, ಅಣ್ಣ! ಏನು ಈ ಕಡೀಕೆ? ನಾವ್ ಕರ್ದೇ ಇಲ್ವಲ್ಲ!"

"ಸುಮ್ನೆ ಬಂದೆ" ಎಂದು ಒಳಕೋಣೆಗೆ ಹೋದೆ. ಮಿಷನ್ನು ದೀಪ ಮಿಟುಕಿಸುತ್ತ ಕೂತಿತ್ತು. ಅದರ ಮೂರನೇ ತೂತು ಖಾಲಿ. ಸೆಂಟರಿನ ವಯರನ್ನು ಯಾರೋ ಅದರಿಂದ ಕಿತ್ತು, ಸೀದಾ ಫೈಬರ್ ಡಬ್ಬಿಗೆ ಚುಚ್ಚಿದ್ದರು. ಅಚ್ಚುಕಟ್ಟಾಗಿ, ಟಕ್ಕೆಂದು ಕೂರುವ ತನಕ ಒತ್ತಿ ಚುಚ್ಚಿದ್ದರು.

ವನಿತಾ ಬಾಗಿಲ ಹತ್ತಿರ ಬಂದು ನಿಂತಳು.

"ಇದನ್ನ ಯಾರಮ್ಮ ಹಾಕಿದ್ದು?"

"ನಾನೇ ಕಣಣ್ಣ. ಸೋಮವಾರ ಬೋ ನಿಧಾನ ಆಗೋಯ್ತು. ಮಿಷನ್ ಸರೀಗಿಲ್ವೇನೋ ಅಂತ ಕಿತ್ತು ಸೀದಾ ಇದ್ಕೆ ಆಕ್ಬುಟ್ಟೆ. ಸರೋಯ್ತು."

"ಸೆಟ್ಟಿಂಗ್ ಹಾರೋಗ್ತದೆ ಅಂತ ಹೆದರ್ಲಿಲ್ವಾ?"

ಅವಳು ಕೈಯಲ್ಲಿದ್ದ ಟೋಕನ್ ಕಟ್ಟನ್ನು ಜೋಡಿಸಿದಳು, ಮತ್ತೆ ಜೋಡಿಸಿದಳು.

"ಬೈಬ್ಯಾಡಿ ಅಣ್ಣ. ಅದು ಆರೋಗಲ್ಲ ಅಂತ ನಂಗೊತ್ತು. ಗೊತ್ತಾಗಿ ನಾಕ್ ವರ್ಸ ಆಯ್ತು."

ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತೆ.

"ಆ ಬಸ್ಸಿನೋರು ಮುಷ್ಕರ ಮಾಡಿದ್ರಲ್ಲ, ಅವತ್ತು ನೀವ್ ಬರಾಕೆ ಆಗ್ಲಿಲ್ಲ. ಒಂದ್ ಮಗ ಬೋ ಅಳ್ತಿತ್ತು. ಮಾದಪ್ಪ ನೀನೇ ಗತಿ ಅಂತ ಕಣ್ಮುಚ್ಕಂಡು ವಯರ್ ಬದ್ಲಾಯ್ಸ್ದೆ. ಓಡ್ತು. ಅವತ್ತಿಂದ ಪ್ರತಿ ಸಲಾನೂ ಮೊದ್ಲು ನಾನೇ ಬದ್ಲಾಯ್ಸ್ಬುಟ್ಟು, ಆಮೇಲೆ ನಿಮ್ಗೆ ಫೋನ್ ಮಾಡ್ತಿದ್ದೆ. ಇಲ್ಲಿ ಕೆಲ್ಸ ನಡೀತಾನೇ ಇರ್ತಿತ್ತು. ನೀವು ಬಸ್ ಸ್ಟ್ಯಾಂಡ್ ತಾವ ಇಳುದ್ರಿ ಅಂದ ತಕ್ಷಣ ಓಡ್ಬಂದು ವಾಪಸ್ ಕೆಟ್ಟಿರೋ ಲೈನಿಗೇ ಆಕ್ಬುಡ್ತಿದ್ದೆ. ನೀವ್ ಬಂದು ಸರಿ ಮಾಡ್ದಂಗೇ ಇರ್ಲಿ ಅಂತ."

"ಅದ್ಕೇನಾ ನೀನು ಎಲ್ಲಿದ್ದೀರಿ, ಎಲ್ಲಿದ್ದೀರಿ ಅಂತ..."

"ಊಂ" ಎಂದಳು.

ನಾಲ್ಕು ವರ್ಷ ಲ್ಯಾಪ್‌ಟಾಪ್ ತೆಗೆದು, ಹುಬ್ಬು ಗಂಟಿಕ್ಕಿ, ನಾಟಕದ ರಾಜನ ಹಾಗೆ ಆ ವಯರು ಎತ್ತಿ ಹಿಡಿದದ್ದೆಲ್ಲ ಕಣ್ಣ ಮುಂದೆ ಬಂತು. ಅವಳ ಪ್ರಶ್ನೆಯನ್ನು ನಾನು ಎಷ್ಟು ದಿನ ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡ ಹಾಗೆ ಇಟ್ಟುಕೊಂಡಿದ್ದೆ! ನಾಚಿಕೆ ಸಿಟ್ಟಾಗಿ ಹೊರಬಂತು.

"ಮತ್ಯಾಕೆ ಕರೀತಿದ್ದೆ? ನನ್ನ ಆಡಿಸ್ಕಂಡು ನಗಾಕಾ?"

"ಅಯ್ಯೋ, ಅಂಗನ್ಬ್ಯಾಡಿ ಅಣ್ಣ." ಅವಳ ಕಣ್ಣು ತುಂಬಿದ್ದವು. "ಕರೀದಿದ್ರೆ ನೀವ್ ಬರಾದೇ ಬುಟ್ಬುಡ್ತಿದ್ರಿ. ಬಂದಾಗ ನಿಮ್ ಮೊಕ ನೋಡ್ದೋರ್ಗೆ ಗೊತ್ತಾಗ್ತಿತ್ತು, ಇವರ್ಗೆ ಇದೊಂದೇ ಇರಾದು ಅಂತ. ಈಗ ಮಿಷನ್ ಬಂತಲ್ಲ. ನಿಮ್ಗೂ ಆ ಬಸ್ಸು ಸಾಕಾಗಿರ್ಬೇಕು, ಇನ್ಯಾಕೆ ತೊಂದ್ರೆ ಕೊಡಾದು ಅನ್ಕಂಡೆ."

ಹೊರಗೆ ಯಾರೋ ಟೋಕನ್ ನಂಬರು ಕೇಳಿದರು. ಅವಳು "ಇರಿ ಬತ್ತೀನಿ" ಎಂದು ಕೂಗಿ, ಮತ್ತೆ ನನ್ನ ಕಡೆ ತಿರುಗಿದಳು. ದನಿ ಇಳಿದಿತ್ತು.

"ಒಂದೇ ಒಂದು ನಂಗೆ ಕೊರೀತದೆ. ರಮ್ಯಂಗೆ ಏಳ್ಕೊಟ್ಟಿರ್ಲಿಲ್ಲ. ಏಳುದ್ರೆ ಎಲ್ರಿಗೂ ಗೊತ್ತಾಗ್ತದೆ, ನಿಮ್ಗೆ ಬೇಜಾರಾಯ್ತದೆ ಅಂತ ಸುಮ್ನಿದ್ದೆ. ಏಳಿದ್ರೆ ಆ ಪುಟ್ಟಬಸಪ್ಪನ ಕೈ ಉಳೀತಿತ್ತೇನೋ."

"ಅದು ನಿಂದಲ್ಲ ಕಣಮ್ಮ" ಎಂದೆ. "ಅದು ನಂದು."

ಆಮೇಲೆ ಬಾಯಿ ತಾನಾಗಿ ತೆರೆಯಿತು. ಮಿಷನ್ನು ಕೆಟ್ಟಿಲ್ಲ, ನಾನೇ ಹಾಗೆ ಇಟ್ಟಿದ್ದೆ, ನಿಧಾನವಾದರೆ ನೀನು ಫೋನ್ ಮಾಡುತ್ತೀಯೆಂದು ಇಟ್ಟಿದ್ದೆ ಎಂದು ಹೇಳಿದೆ. ಹೇಳುವಾಗ ಅವಳ ಮುಖ ನೋಡಲಿಲ್ಲ, ಮಿಷನ್ನಿನ ದೀಪ ನೋಡುತ್ತಿದ್ದೆ.

ಅವಳು ಟೋಕನ್ ಕಟ್ಟನ್ನು ಇನ್ನೊಂದು ಕೈಗೆ ತೆಗೆದುಕೊಂಡಳು.

"ಫೋನ್ ಬೇಕಿದ್ರೆ ನೀವೇ ಮಾಡ್ಬೋದಿತ್ತಲ್ಲ ಅಣ್ಣ. ಆರ್ ವರ್ಸದಲ್ಲಿ ಒಂದ್ ಸಲಾನೂ ನೀವಾಗಿ ಮಾಡ್ಲಿಲ್ವಲ್ಲ."

ಇಷ್ಟು ಹೇಳಿ ಟೋಕನ್ ಕೊಡಲು ಹೋದಳು.

ನಾನು ಲ್ಯಾಪ್‌ಟಾಪ್ ತೆಗೆದೆ. ತಾನಾಗಿಯೇ ವಾಪಸ್ ಬರಬೇಕು ಎಂಬುದನ್ನು ಒತ್ತಿದೆ. ಸೆಂಟರಿನ ವಯರನ್ನು ಮಿಷನ್ನಿಗೆ ಸಿಕ್ಕಿಸಿದೆ. ಫೈಬರ್ ಕಿತ್ತು ಎಣಿಸಿದೆ, ಹದಿನಾರಕ್ಕೆ ಸಿಮ್ಮಿಗೆ ಹೋಯಿತು. ಫೈಬರ್ ಸಿಕ್ಕಿಸಿದೆ, ಒಂದು ನಿಮಿಷಕ್ಕೆ ಯಾರ ಹಂಗೂ ಇಲ್ಲದೆ ವಾಪಸ್ ಬಂತು. ಎರಡು ಸಲ ಮಾಡಿ ನೋಡಿದೆ. ರಮ್ಯಳನ್ನು ಕರೆದು, ಮಿಷನ್ನೇ ಕೆಟ್ಟರೆ ಯಾವ ವಯರು ಎಲ್ಲಿಗೆ ಚುಚ್ಚಬೇಕೆಂದು ಅವಳ ಕೈಯಿಂದಲೇ ಮಾಡಿಸಿದೆ. "ಇಷ್ಟೇನಾ ಅಂಕಲ್?" ಎಂದಳು. ಇಷ್ಟೇ ಎಂದೆ. ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಅದನ್ನೇ ಬರೆದು ಗೋಡೆಗೆ ಅಂಟಿಸಿದೆ. ಡಾಕ್ಟರ ಕೋಣೆಗೆ ಹೋಗಿ ಆರು ವರ್ಷದ ಸುಳ್ಳನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಕೊನೆಗೆ "ಹೋಗಿ ಬಾ" ಎಂದರು, ಅಷ್ಟೆ. ಬೆನ್ನು ತಟ್ಟಲಿಲ್ಲ.

ಇದಾಗಿ ಹನ್ನೆರಡು ದಿನವಾಯಿತು. ಈ ಮಧ್ಯೆ ಎರಡು ಸಲ ಕೇಬಲ್ ಹರಿದಿದೆ. ಎರಡು ಸಲವೂ ಮಿಷನ್ನು ಹೋಗಿದೆ, ಬಂದಿದೆ. ಸೆಂಟರಿನಲ್ಲಿ ಒಬ್ಬರಿಗೂ ಗೊತ್ತಾಗಿರಲಿಕ್ಕಿಲ್ಲ. ದಿನಾ ಮಧ್ಯಾಹ್ನ ವನಿತಾಳ ನಂಬರು ತೆಗೆಯುತ್ತೇನೆ, ನೋಡುತ್ತೇನೆ, ಜೇಬಿಗೆ ಇಡುತ್ತೇನೆ. ಅವಳು ಹೇಳಿದ್ದು ನಿಜ. ನನ್ನ ಫೋನಿನಲ್ಲಿ ಬಂದ ಕರೆಗಳಿವೆ, ಅಕ್ಕನಿಂದ ಬಂದದ್ದು, ಅವಳಿಂದ ಬಂದದ್ದು, ಸೈಟಿನವರಿಂದ ಬಂದದ್ದು. ನಾನಾಗಿ ಮಾಡಿದ್ದು ಕೇಬಲ್ ಹುಡುಗರಿಗೆ ಮಾತ್ರ. ಏನಾದರೂ ಕೆಟ್ಟಿದ್ದರೆ ನನಗೆ ಮಾತಾಡಲು ಬರುತ್ತದೆ. ಎಲ್ಲ ಸರಿಯಿದ್ದಾಗ ಇನ್ನೊಬ್ಬರ ಹತ್ತಿರ ಏನು ಹೇಳಬೇಕೆಂದು ಐವತ್ತೊಂದು ವರ್ಷದಲ್ಲಿ ನಾನು ಕಲಿಯಲಿಲ್ಲ.

ಇವತ್ತು ಮೂರು ಗಂಟೆಗೆ ಚಾಮರಾಜನಗರದ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಿದ್ದೆ. ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಗುಂಡ್ಲುಪೇಟೆ ಬಸ್ಸು ಬಂತು, ಹೋಯಿತು. ಮೊಬೈಲಿನಲ್ಲಿ ಎರಡು ಲೈನೂ ಹಸಿರು. ವನಿತಾಳ ನಂಬರು ತೆಗೆದೆ, ಈ ಸಲ ಜೇಬಿಗೆ ಇಡಲಿಲ್ಲ. ಒತ್ತಿಬಿಟ್ಟೆ.

ಎರಡನೇ ರಿಂಗಿಗೇ ತೆಗೆದಳು. "ಅಣ್ಣ? ಏನಾಯ್ತು? ನೆಟ್ ಏನಾರ ಓಯ್ತಾ?"

"ಇಲ್ಲ ಕಣಮ್ಮ. ಏನೂ ಆಗಿಲ್ಲ."

"ಮತ್ತೆ?"

"ಸುಮ್ನೆ ಮಾಡ್ದೆ."

ಕತ್ತರಿಸೋಣ ಎಂದು ಬೆರಳು ಎತ್ತಿದ್ದೆ.

"ಇರಿ ಅಣ್ಣ, ನಾಕ್ ಜನ ನಿಂತವ್ರೆ, ಟೋಕನ್ ಕೊಟ್ಬುಟ್ಟು ಬತ್ತೀನಿ. ಫೋನ್ ಮಡಗ್ಬ್ಯಾಡಿ."

ಫೋನನ್ನು ಮೇಜಿನ ಮೇಲಿಟ್ಟ ಸದ್ದು ಕೇಳಿತು. ಆಮೇಲೆ ಸೆಂಟರಿನ ಸದ್ದು. ಯಾವುದೋ ಮಗು ಅಳುತ್ತಿತ್ತು. ಒಬ್ಬ ಮುದುಕ ಬೆನ್ನು ನೋವೋ ಕಾಲು ನೋವೋ ಹೇಳುತ್ತಿದ್ದ, ವನಿತಾ ಅವನ ಹೆಸರು ಮತ್ತೆ ಮತ್ತೆ ಕೇಳುತ್ತಿದ್ದಳು. ಬಾಗಿಲು ತೆರೆಯಿತು, ಮುಚ್ಚಿತು. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು, ಕಿವಿ ಬಿಸಿಯಾಯಿತು. ಅವಳು ಮರೆತಿದ್ದರೂ ಮರೆತಿರಬಹುದು. ನಾನು ಮಡಗಲಿಲ್ಲ.